ಅಪ್ಪ ಜಾರಿ ಬಿದ್ದದ್ದು ನನ್ನ ಅವಿಧೇಯತೆಯಿಂದಲೇ?

ಪ್ರಶ್ನೆ: ಅಯ್ಯನವರಿಗೆ ವಂದನೆ. ನಾನು ಕಾಸರಗೋಡಿನ ಕುಂಬಳೆ ಸಮೀಪದ ಒಂದು ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕ. ವಯಸ್ಸು 38, ಸರ್ವಿಸ್ 13 ವರ್ಷ. ಕಳೆದ ಮಾರ್ಚ್‌ನಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆಗೆ ಹೋಗಿದ್ದೆ. ಕೊನೆಯ ದಿನ, ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಎಲ್ಲರೆದುರು ನನ್ನತ್ತ ಬೆರಳು ಮಾಡಿ ಪ್ರವಾದನೆ ಹೇಳಿದರು. ಅವರದು ವೇಗದ ಮಲಯಾಳ, ನನಗೆ ಅರ್ಧಕ್ಕರ್ಧ ತಿಳಿಯಿತು. ‘ಶುಶ್ರೂಷ’ ಎಂಬ ಶಬ್ದ ಎರಡು ಸಲ ಕೇಳಿಸಿತು. ತರ್ಜುಮೆ ಮಾಡುತ್ತಿದ್ದವರು, “ಮೂರು ತಿಂಗಳೊಳಗೆ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿಯಬೇಕೆಂದು ಕರ್ತನ ಆಜ್ಞೆ” ಎಂದರು. ನಾನು ಬಿಡಲಿಲ್ಲ. ಮನೆಸಾಲ ಇದೆ, ಇಬ್ಬರು ಮಕ್ಕಳು, ಹೆಂಡತಿಗೂ ಒಪ್ಪಿಗೆ ಇಲ್ಲ. ಜುಲೈ ಕೊನೆಗೆ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಮಂಗಳೂರಿನಲ್ಲಿ ಆಪರೇಶನ್ ಆಗಿ ಈಗ ಮನೆಯಲ್ಲಿದ್ದಾರೆ. ನೋಡಲು ಬಂದ ಪ್ರಾರ್ಥನಾ ಕೂಟದವರು, “ಸೌಲನ ಕಥೆ ಒಮ್ಮೆ ಓದು” ಎಂದಷ್ಟೇ ಹೇಳಿ ಹೋದರು. ಅಪ್ಪನನ್ನು ಬಚ್ಚಲಿಗೆ ಹಿಡಿದು ಕರೆದೊಯ್ಯುವಾಗೆಲ್ಲ ಆ ಮಾತೇ ತಲೆಯಲ್ಲಿ ಸುತ್ತುತ್ತದೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದೇನೆ. ದೇವರು ನಿರ್ದಿಷ್ಟವಾಗಿ ಕೊಟ್ಟ ಆಜ್ಞೆಯನ್ನು ಹೇಳಿದ ಹಾಗೆಯೇ ಪಾಲಿಸಬೇಕಲ್ಲವೇ? ತಡಮಾಡಿದ್ದಕ್ಕೆ ಕ್ಷಮೆ ಇದೆಯೇ?

ಉತ್ತರ: ರಾಜೀನಾಮೆ ಪತ್ರ ಎಲ್ಲಿದೆಯೋ ಅಲ್ಲೇ ಇರಲಿ. ಹರಿಯುವುದೂ ಬೇಡ, ಕೊಡುವುದೂ ಬೇಡ. ಮೊದಲು ಅಪ್ಪನ ವಿಷಯ ಮಾತಾಡೋಣ.

ಜುಲೈ ಕೊನೆ ಎಂದಿರಿ. ಅಂದರೆ ಆಟಿ ತಿಂಗಳು. ನಮ್ಮ ಕಡೆ ಆ ಹೊತ್ತಿಗೆ ಒಂದೂವರೆ ತಿಂಗಳು ಬಿಡದೆ ಮಳೆ ಹೊಡೆದಿರುತ್ತದೆ. ಮುರಕಲ್ಲಿನ ಮೆಟ್ಟಿಲು, ಸಿಮೆಂಟಿನ ಅಂಗಳ, ಬಾವಿಕಟ್ಟೆಯ ಸುತ್ತಲೆಲ್ಲ ಹಸಿರು ಪಾಚಿ. ವಯಸ್ಸಾದವರು ಹವಾಯಿ ಚಪ್ಪಲಿ ಹಾಕಿಕೊಂಡು, ಒಂದು ಕೈಯಲ್ಲಿ ಕೊಡೆ ಹಿಡಿದು ಅಂಗಳ ದಾಟುತ್ತಾರೆ. ನಾನು ಸಭಾಪಾಲಕನಾಗಿದ್ದ 31 ವರ್ಷಗಳಲ್ಲಿ ಆಟಿಯಲ್ಲಿ ಸೊಂಟ ಮುರಿದುಕೊಂಡವರ ಮಂಚದ ಬಳಿ ಎಷ್ಟು ಸಲ ಕುಳಿತಿದ್ದೇನೋ ಲೆಕ್ಕವಿಟ್ಟಿಲ್ಲ. ಅವರಲ್ಲಿ ಭಕ್ತಿವಂತರಿದ್ದರು, ಭಾನುವಾರ ದೇವಾಲಯದ ಕಡೆ ತಲೆ ಹಾಕದವರೂ ಇದ್ದರು. ಪಾಚಿ ಎಲ್ಲರನ್ನೂ ಒಂದೇ ರೀತಿ ಜಾರಿಸಿತ್ತು.

ಸಿಲೊವಾಮಿನ ಬುರುಜು ಕುಸಿದು 18 ಮಂದಿ ಸತ್ತ ಸುದ್ದಿಯನ್ನು ಯೇಸು ತಾನಾಗಿಯೇ ಎತ್ತಿ, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ತಪ್ಪಿತಸ್ಥರೆಂದು ನೆನಸುತ್ತೀರೋ ಎಂದು ಕೇಳಿ, ಇಲ್ಲವೆಂದು ಹೇಳಿದನು. ಲೂಕ 13ರಲ್ಲಿದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು “ಪಾಪ ಯಾರದು, ಇವನದೋ, ಹೆತ್ತವರದೋ?” ಎಂದು ಕೇಳಿದಾಗಲೂ ಉತ್ತರ ಅದೇ. ಸತ್ಯವೇದದಲ್ಲಿ ತಪ್ಪಿಗೂ ಆಪತ್ತಿಗೂ ನಂಟು ಹೇಳಿದ ಕಡೆಗಳು ಇಲ್ಲವೆಂದಲ್ಲ. ಆದರೆ ಅಲ್ಲಿ ಆ ನಂಟನ್ನು ಹೇಳಿದವನು ದೇವರು. ಹಣ್ಣಿನ ಪೊಟ್ಟಣ ಹಿಡಿದು ರೋಗಿಯನ್ನು ನೋಡಲು ಬಂದವರಿಗೆ ಆ ಅಧಿಕಾರ ಕೊಟ್ಟದ್ದು ನನಗೆ ಎಲ್ಲೂ ಕಂಡಿಲ್ಲ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಅಷ್ಟು ದಿನ ಅವರು ಒಳ್ಳೆಯ ಸ್ನೇಹಿತರೇ ಆಗಿದ್ದರು. ಎಂಟನೆಯ ದಿನದಿಂದ ಕೆಟ್ಟಿತು.

ಹಾಗಾಗಿ ಅಪ್ಪನ ಎಲುಬನ್ನೂ ನಿಮ್ಮ ಮಾರ್ಚ್ ತಿಂಗಳ ಪ್ರವಾದನೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಎರಡನೆಯದನ್ನು ಪ್ರತ್ಯೇಕವಾಗಿ ನೋಡೋಣ, ಅದಕ್ಕೆ ಅದರದೇ ತೂಕವಿದೆ.

ಈಗ ಸೌಲನ ಕಥೆ. ಓದು ಎಂದು ಹೇಳಿಹೋದರಲ್ಲ, ಓದೋಣ. ಒಂದನೆಯ ಸಮುವೇಲ 15. ಅಮಾಲೇಕ್ಯರಲ್ಲಿ ಏನನ್ನೂ ಉಳಿಸಬಾರದೆಂದು ಅಪ್ಪಣೆ. ಸೌಲ ಯುದ್ಧ ಗೆದ್ದ, ರಾಜ ಅಗಾಗನನ್ನು ಉಳಿಸಿದ, ಕೊಬ್ಬಿದ ಕುರಿ ದನಗಳನ್ನೂ ಉಳಿಸಿಕೊಂಡ, ಕರ್ಮೆಲಿನಲ್ಲಿ ತನಗೊಂದು ಸ್ಮಾರಕವನ್ನೂ ನಿಲ್ಲಿಸಿಕೊಂಡ. ಸಮುವೇಲ ಎದುರಾದಾಗ ಅವನ ಮೊದಲ ಮಾತೇ, ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದು. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಸದ್ದು ಏನು ಎಂದು ಸಮುವೇಲ ಕೇಳಿದ. ಕುರಿಗಳು ಸಾಕ್ಷಿ ಹೇಳಿಬಿಟ್ಟವು. ಆಗ ಸೌಲ, ಜನರು ಯಜ್ಞಕ್ಕೆಂದು ಉಳಿಸಿದ್ದಾರೆ ಎಂದ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬ ಪ್ರಸಿದ್ಧ ವಾಕ್ಯ ಬಂದದ್ದು ಇಲ್ಲಿ. ಕೊನೆಗೆ ಸೌಲನ ಬಾಯಿಂದ ನಿಜ ಹೊರಬಿತ್ತು: ಜನರಿಗೆ ಹೆದರಿದೆ.

ಈ ಅಧ್ಯಾಯವನ್ನು ಓದುವಾಗ ನನಗೆ ಇವತ್ತಿಗೂ ಕಸಿವಿಸಿ. ಹೆಂಗಸರು ಮಕ್ಕಳೆನ್ನದೆ ಕೊಲ್ಲಬೇಕೆಂಬ ಅಪ್ಪಣೆಯನ್ನು ಸುಲಭವಾಗಿ ವಿವರಿಸಿ ಮುಗಿಸುವವರನ್ನು ಕಂಡರೆ ನನಗೆ ಭಯ. ಅದರ ಚರ್ಚೆ ಇನ್ನೊಮ್ಮೆ. ಇಲ್ಲಿ ನಿಮಗೆ ಬೇಕಾದದ್ದು ಇಷ್ಟೇ: ಸೌಲನಿಗೆ ಆಜ್ಞೆ ಏನೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತನಗೆ ಲಾಭ ಕಂಡಲ್ಲಿ ತಿದ್ದಿಕೊಂಡ, ತಿದ್ದಿದ್ದಕ್ಕೆ ಭಕ್ತಿಯ ಬಣ್ಣ ಬಳಿದ. ನಿಮ್ಮ ಕಷ್ಟ ಅದಲ್ಲ. ಆಜ್ಞೆ ಬಂತೋ ಇಲ್ಲವೋ ಎಂಬುದೇ ನಿಮಗೆ ತಿಳಿಯುತ್ತಿಲ್ಲ. ಕೂಟದವರು ನಿಮಗೆ ಬೇರೆಯವರ ರೋಗದ ಚೀಟಿ ಕೊಟ್ಟಿದ್ದಾರೆ.

ಹಾಗೆಂದು “ದೇವರು ಸಣ್ಣಪುಟ್ಟ ವಿವರ ನೋಡುವುದಿಲ್ಲ, ಮನಸ್ಸು ಶುದ್ಧವಿದ್ದರೆ ಸಾಕು” ಎನ್ನುವವರ ಪಕ್ಷವೂ ನನ್ನದಲ್ಲ. ನನ್ನ ಸೋದರಮಾವ ಎಣ್ಮಕಜೆ ಕಡೆ ಸುರಂಗ ತೋಡುವ ಕೆಲಸ ಮಾಡಿದವರು. ನಮ್ಮ ಜಿಲ್ಲೆಯ ಸುರಂಗ ನೀವು ನೋಡಿಯೇ ಇರುತ್ತೀರಿ, ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕೊರೆದ ಬಿಲ. ರಜೆಯಲ್ಲಿ ಬುಟ್ಟಿಯಲ್ಲಿ ಮಣ್ಣು ಹೊರಲು ನಾನೂ ಹೋಗುತ್ತಿದ್ದೆ. ಮಾವ ಹೆಚ್ಚು ಮಾತಿನವರಲ್ಲ. ಎರಡೇ ನಿಯಮ ಹೇಳಿದ್ದರು. ಒಳಗೆ ಹೋದ ಹಾಗೆ ನೆಲ ಕೂದಲೆಳೆಯಷ್ಟು ಏರುತ್ತಲೇ ಇರಬೇಕು, ಇಲ್ಲದಿದ್ದರೆ ನೀರು ಸಿಕ್ಕಿದರೂ ತಾನಾಗಿ ಹೊರಗೆ ಹರಿಯದೆ ಒಳಗೇ ಮಡುಗಟ್ಟುತ್ತದೆ. ಎರಡನೆಯದು, ಗೋಡೆಯ ಗೂಡಿನಲ್ಲಿಟ್ಟ ದೀಪ ನಂದಿತೋ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬಾ. ಅಲ್ಲಿ ಉಸಿರಾಡುವ ಗಾಳಿ ಇಲ್ಲ. ಒಂದು ದಿನ ದೀಪ ನಂದಿತು. ನಾನು ಹೊರಗೆ ಬಂದೆ, ಬರುವಾಗ ಹೊಸ ಪಿಕ್ಕಾಸನ್ನು ಎಳೆದುಕೊಂಡು ಬಂದೆ. ಬೆಲೆಯ ಸಾಮಾನು, ಬಿಟ್ಟು ಬರುವುದು ಹೇಗೆ ಎಂದು. ಮಾವ ಕೆನ್ನೆಗೆ ಬಿಟ್ಟರು. ನನಗೆ ಅವರು ಹೊಡೆದದ್ದು ಅದೊಂದೇ ಸಲ. ಸೌಲನ ಕೊಬ್ಬಿದ ಕುರಿಗಳ ಕಥೆ ಓದುವಾಗ ನನಗೆ ಆ ಪಿಕ್ಕಾಸು ನೆನಪಾಗುತ್ತದೆ.

ಆದರೆ ಆ ಹೊತ್ತಿನಲ್ಲಿ ಅತ್ತೆ ಮೇಲೆ ಅಡುಗೆಮನೆಯಲ್ಲಿದ್ದರು. ಅಡುಗೆಮನೆಯ ದೀಪ ಗಾಳಿಗೆ ನಂದಿದರೆ ಅವರು ಅಂಗಳಕ್ಕೆ ಓಡಿಬರಬೇಕೇ? ದೀಪ ನಂದಿದರೆ ಹೊರಗೆ ಬಾ ಎಂಬುದು ಸುರಂಗದೊಳಗಿನವನಿಗೆ ಪ್ರಾಣದ ಮಾತು, ಅಡುಗೆಮನೆಯವರಿಗೆ ಅದು ಸಂಬಂಧವೇ ಇಲ್ಲ. ನಿರ್ದಿಷ್ಟ ಆಜ್ಞೆಯ ಗುಣವೇ ಇದು. ಯಾರಿಗೆ, ಯಾವಾಗ, ಎಲ್ಲಿ ಎಂಬುದು ಅದರೊಳಗೇ ಇರುತ್ತದೆ. ಯೆಶಾಯನಿಗೆ ಮೂರು ವರ್ಷ ಬರಿಮೈ ಬರಿಗಾಲಲ್ಲಿ ತಿರುಗಲು ಅಪ್ಪಣೆಯಾಯಿತು. ಯೆಹೆಜ್ಕೇಲನಿಗೆ 390 ದಿನ ಎಡಮಗ್ಗುಲಲ್ಲಿ ಮಲಗಲು. ನಾನು ಬಲಮಗ್ಗುಲಲ್ಲಿ ಮಲಗಿದರೆ ಅವಿಧೇಯನಲ್ಲ. ಅನ್ಯಜನರಿಂದ ಸಭೆಗೆ ಬಂದವರು ಮೋಶೆಯ ಧರ್ಮಶಾಸ್ತ್ರವನ್ನೆಲ್ಲ ಹೊರಬೇಕೇ ಎಂಬ ಜಗಳ ಮೊದಲ ಶತಮಾನದಲ್ಲೇ ಎದ್ದಿತ್ತು. ಯೆರೂಸಲೇಮಿನಲ್ಲಿ ಹಿರಿಯರೆಲ್ಲ ಕೂಡಿ ಮಾತಾಡಿ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಈ ನಾಲ್ಕನ್ನು ಬಿಟ್ಟರೆ ಸಾಕೆಂದು ಪತ್ರ ಬರೆದರು (ಅಪೊಸ್ತಲರ ಕೃತ್ಯಗಳು 15). ಯಾವ ಆಜ್ಞೆ ಯಾರಿಗೆ ಎಂದು ಕೇಳುವುದು ಭಕ್ತಿ ಕಡಿಮೆಯಾದವರ ಕೆಲಸವಲ್ಲ. ಅಪೊಸ್ತಲರೇ ಕೇಳಿದ್ದಾರೆ, ಅದೂ ತುಂಬಾ ವಾಗ್ವಾದ ಮಾಡಿ.

ಎಲ್ಲರಿಗೂ ಅನ್ವಯಿಸುವ ಆಜ್ಞೆಗಳು ಬೇರೆ ಇವೆ. ಅವಕ್ಕೆ ಪ್ರವಾದನೆ ಬೇಕಿಲ್ಲ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು, ತಂದೆತಾಯಿಗಳನ್ನು ಸನ್ಮಾನಿಸು, ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು. ಅಡಿಕೆ ಸುಲಿಯಲು ಬಂದವರ ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳುವವರತ್ತ ವೇದಿಕೆಯಿಂದ ಯಾರಾದರೂ ಬೆರಳು ಮಾಡಿದ್ದನ್ನು ನಾನಂತೂ ಈವರೆಗೆ ನೋಡಿಲ್ಲ.

ನಿಮಗೆ ಸೌಲನ ಕಥೆ ಕೊಟ್ಟವರು ಒಂದನೆಯ ಅರಸುಗಳು 13ನ್ನು ಕೊಡಬೇಕಿತ್ತು. ನಮ್ಮ ಸಭೆಗಳಲ್ಲಿ ಆ ಅಧ್ಯಾಯದ ಮೇಲೆ ಪ್ರಸಂಗ ಅಪರೂಪ. ಯೆಹೂದದಿಂದ ಒಬ್ಬ ದೇವರ ಮನುಷ್ಯ ಬೇತೇಲಿಗೆ ಬರುತ್ತಾನೆ, ಹೆಸರಿಲ್ಲ. ರಾಜ ಯಾರೊಬ್ಬಾಮನ ಯಜ್ಞವೇದಿಯ ಎದುರು ನಿಂತು ಹೇಳಬೇಕಾದ್ದನ್ನು ಹೇಳುತ್ತಾನೆ. ರಾಜ ಊಟಕ್ಕೆ ಕರೆದರೆ, ಅರ್ಧ ಅರಮನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾನೆ. ಅವನಿಗೆ ಸಿಕ್ಕಿದ ಅಪ್ಪಣೆ ಮೂರು: ಅಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ, ಹೋದ ದಾರಿಯಲ್ಲಿ ಹಿಂದಿರುಗಬೇಡ. ಅದರಂತೆ ಬೇರೆ ದಾರಿ ಹಿಡಿದು ಹೊರಟ, ಮಧ್ಯೆ ಒಂದು ಮರದ ಕೆಳಗೆ ಕುಳಿತ. ಬೇತೇಲಿನಲ್ಲಿ ಒಬ್ಬ ಮುದಿ ಪ್ರವಾದಿ ಇದ್ದ. ಮಕ್ಕಳಿಂದ ಸುದ್ದಿ ಕೇಳಿ, ಕತ್ತೆಗೆ ತಡಿ ಹಾಕಿಸಿ ಬೆನ್ನಟ್ಟಿ ಬಂದ. ನಾನೂ ನಿನ್ನ ಹಾಗೆ ಪ್ರವಾದಿಯೇ, ನಿನ್ನನ್ನು ಮನೆಗೆ ಕರೆತಂದು ಊಟ ಹಾಕಬೇಕೆಂದು ದೇವದೂತ ನನಗೆ ಹೇಳಿದ್ದಾನೆ ಎಂದ. ಸತ್ಯವೇದ ಅಲ್ಲೇ ಚುಟುಕಾಗಿ ಹೇಳುತ್ತದೆ: ಅವನು ಹೇಳಿದ್ದು ಸುಳ್ಳು. ಯಾಕೆ ಹೇಳಿದ ಎಂಬುದನ್ನು ಮಾತ್ರ ಹೇಳುವುದಿಲ್ಲ.

ದಣಿದಿದ್ದವನು ನಂಬಿದ. ಹಿಂದಿರುಗಿದ, ಉಂಡ, ಕುಡಿದ. ಮರಳಿ ಹೊರಟಾಗ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಕೊಂದ ಸಿಂಹ ಹೆಣವನ್ನು ತಿನ್ನಲಿಲ್ಲ, ಕತ್ತೆಯನ್ನೂ ಮುಟ್ಟಲಿಲ್ಲ, ಹೆಣದ ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಕತ್ತೆ ಸುಮ್ಮನೆ ನಿಂತಿದ್ದವು. ಆ ಮುದುಕ ಬಂದು ಅತ್ತು, ತನಗಾಗಿ ಇಟ್ಟುಕೊಂಡಿದ್ದ ಸಮಾಧಿಯಲ್ಲೇ ಅವನನ್ನು ಹೂಳಿದ.

ಕ್ರೂರ ಕಥೆ. ಸುಳ್ಳು ಹೇಳಿದವನಿಗೆ ಏನೂ ಆಗಲಿಲ್ಲ, ನಂಬಿದವನು ಸತ್ತ. ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಕಥೆ ಸತ್ಯವೇದದಲ್ಲಿಲ್ಲ. ತನಗೆ ನೇರವಾಗಿ ಬಂದಿದ್ದ ಆಜ್ಞೆಯನ್ನು, ಇನ್ನೊಬ್ಬ “ನಿನ್ನ ವಿಷಯವಾಗಿ ದೇವರು ನನಗೆ ಹೇಳಿದ್ದಾನೆ” ಎಂದ ಮಾತಿಗೆ ಅವನು ಬಿಟ್ಟುಕೊಟ್ಟ. ಅವನ ಅವಿಧೇಯತೆ ಇದ್ದದ್ದು ಅಲ್ಲಿ. ಪ್ರವಾದಿಯ ಮಾತನ್ನು ಕೇಳದೆ ಇದ್ದದ್ದಕ್ಕಲ್ಲ, ಕೇಳಿದ್ದಕ್ಕೆ ಕೆಟ್ಟ.

ನಿಮ್ಮ ಪ್ರಸಂಗಿ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಅವರನ್ನು ನಾನು ನೋಡಿಲ್ಲ. ಇಂಥ ಮಾತು ಹೇಳುವವರಲ್ಲಿ ಹೆಚ್ಚಿನವರು ಮೋಸಗಾರರಲ್ಲ ಎಂಬುದು ನನ್ನ ಅನುಭವ. ಗೊತ್ತಿರುವುದು ಹೇಗೆಂದರೆ, ನಾನೇ ಹೇಳಿದ್ದೇನೆ.

ಸೇವೆಗೆ ಬಂದ ನಾಲ್ಕನೆಯ ವರ್ಷ. ಯುವಕರ ಕೂಟದಲ್ಲಿ ಒಬ್ಬ ಹುಡುಗ ಒಳ್ಳೆಯ ಹಾಡುಗಾರ, ಚುರುಕು. ಅವನಿಗೆ ಗಲ್ಫ್‌ಗೆ ವೀಸಾ ಬಂದಿತ್ತು. ನನಗೆ ಅವನು ಊರಲ್ಲೇ ಇರಬೇಕೆಂಬ ಆಸೆ, ಕೂಟ ಆಗಷ್ಟೇ ಎದ್ದು ನಿಂತಿತ್ತು. ಒಂದು ರಾತ್ರಿ ಪ್ರಾರ್ಥನೆಯಲ್ಲಿ ಎದೆ ತುಂಬಿ ಬಂತು. ಅವನ ತಲೆಯ ಮೇಲೆ ಕೈಯಿಟ್ಟು, “ಹೋಗಬೇಡವೆಂದು ಕರ್ತನು ಹೇಳುತ್ತಾನೆ” ಎಂದುಬಿಟ್ಟೆ. ಆ ಕ್ಷಣ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವನು ವೀಸಾ ಬಿಟ್ಟ. ಇಬ್ಬರು ತಂಗಿಯರ ಮದುವೆಗೆ ಮನೆಯ ಹಿಂದಿನ ತೆಂಗಿನ ತೋಟ ಮಾರಬೇಕಾಯಿತು. ನನ್ನ ಆಸೆಗೆ ನಾನೇ ದೇವರ ಅಂಗಿ ತೊಡಿಸಿದ್ದೆ ಎಂದು ತಿಳಿಯಲು ನನಗೆ ಸುಮಾರು ವರ್ಷ ಬೇಕಾಯಿತು. ಕ್ಷಮೆ ಕೇಳಲು ಹೋದಾಗ ಅವನು “ಹೋಗಲಿ ಬಿಡಿ ಅಯ್ಯನವರೇ” ಎಂದ. ಈಗಲೂ ಕ್ರಿಸ್ಮಸಿಗೆ ಅವನ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಬರುತ್ತದೆ. ಅದರಲ್ಲಿನ ನೆವ್ರಿ (ಕರ್ಜಿಕಾಯಿ) ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ.

ಇಂಥ ಮಾತುಗಳು ನಮ್ಮ ಮೇಲೆ ಇಷ್ಟು ಬೇಗ ಹಿಡಿತ ಸಾಧಿಸುವುದು ಯಾಕೆ? ಒಂದು, ಮೂರು ದಿನ ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ, ನೂರು ಜನರ ಹಾಡಿನ ನಡುವೆ ಕುಳಿತವನಿಗೆ ಬೆರಳು ತನ್ನತ್ತ ತಿರುಗಿದಾಗ ಎದೆ ನಡುಗದೆ ಇರುವುದಿಲ್ಲ. ಆ ನಡುಕವನ್ನೇ ದೇವರ ಮುದ್ರೆ ಎಂದುಕೊಳ್ಳುತ್ತೇವೆ. ಇನ್ನೊಂದು, ಆಜ್ಞೆ ಎಷ್ಟು ಕಠಿಣವೋ ಅಷ್ಟು ದೈವಿಕ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾಮಾನನಿಗೂ ಅದೇ ಕಷ್ಟ. ಕುಷ್ಠ ಹೋಗಲು ದೊಡ್ಡದೇನೋ ಮಾಡಿಸುತ್ತಾರೆಂದು ಬಂದವನಿಗೆ ಎಲೀಷ, ಹೊರಗೆ ಬಂದು ಮುಖವನ್ನೂ ತೋರಿಸದೆ, ಯೊರ್ದನಿನಲ್ಲಿ ಏಳು ಸಲ ಮುಳುಗು ಎಂದು ಹೇಳಿ ಕಳುಹಿಸಿದ. ಅವನಿಗೆ ಸಿಟ್ಟು ಬಂತು. ಆಳುಗಳು ಬುದ್ಧಿ ಹೇಳಬೇಕಾಯಿತು. ಮತ್ತೊಂದು ಕಾರಣ ಹೇಳಿದರೆ ಬೇಸರಿಸಬೇಡಿ: 13 ವರ್ಷ ಅದೇ ಶಾಲೆ, ಅದೇ ಬಸ್ಸು. ಬಿಟ್ಟು ಹೋಗಬೇಕೆಂಬ ಆಸೆ ನಿಮ್ಮೊಳಗೂ ಇದ್ದಿರಬಹುದು. ಇದ್ದರೆ ತಪ್ಪಲ್ಲ. ಅದನ್ನು ಗುರುತಿಸಿಕೊಳ್ಳಿ, ಅಷ್ಟೇ.

ಈಗ ‘ಕೇಳು’ ಎಂಬ ಮಾತು. ಹೀಬ್ರೂ ಭಾಷೆಯಲ್ಲಿ ಆಲಿಸುವುದಕ್ಕೂ ವಿಧೇಯನಾಗುವುದಕ್ಕೂ ಶಮಾ ಎಂಬ ಒಂದೇ ಧಾತು. ದೇವಶಾಸ್ತ್ರದ ತರಗತಿಯಲ್ಲಿ ಇದನ್ನು ದೊಡ್ಡ ಸಂಗತಿಯೆಂಬಂತೆ ಕಲಿಸಿದಾಗ ನನಗೆ ನಗು ಬಂತು. ನಮ್ಮ ಅಮ್ಮಂದಿರು ದಿನಾ ಬೈಯುವುದು ಏನೆಂದು? “ಹೇಳಿದ ಮಾತು ಕೇಳುವುದಿಲ್ಲ.” ಕಿವಿ ಕೇಳಿಸದೆ ಅಲ್ಲ! ಕೊಂಕಣಿಯವರ ‘ಆಯ್ಕ’ವೂ ಹಾಗೆಯೇ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬಲ್ಲಿ ಮಾಡುವುದಕ್ಕೆ ಮೊದಲು ಕಿವಿಯ ಕೆಲಸವಿದೆ. ಮಾತು ಸರಿಯಾಗಿ ಕಿವಿಗೆ ಬೀಳದೆ ವಿಧೇಯನಾಗಲು ಹೊರಟವನು ಮಾಡುವುದು ಅವಸರ.

ಆ ವಾಕ್ಯ ನುಡಿದ ಸಮುವೇಲನ ಬಾಲ್ಯ ನೋಡಿ. ರಾತ್ರಿ ದೇವರು ಹೆಸರಿಡಿದು ಕರೆದ. ಹುಡುಗ ಮುದುಕ ಏಲಿಯ ಬಳಿಗೆ ಓಡಿದ, ಕರೆದಿರಾ ಎಂದ. ಇಲ್ಲ, ಹೋಗಿ ಮಲಗು. ಹೀಗೆ ಮೂರು ಸಲ. ಮೂರು ಸಲ ತಪ್ಪಿದ್ದಕ್ಕೆ ದೇವರು ಸಿಟ್ಟಾಗಿ ಅವನ ತಾಯಿ ಹನ್ನಳ ಸೊಂಟ ಮುರಿಯಲಿಲ್ಲ. ನಾಲ್ಕನೆಯ ಸಲ ಮತ್ತೆ ಕರೆದ. ಏಲಿ ಮಾಡಿದ್ದನ್ನೂ ಗಮನಿಸಿ. ಕರೆ ದೇವರದ್ದೆಂದು ಅವನಿಗೆ ಹೊಳೆದ ಮೇಲೂ, “ದೇವರು ನಿನಗೆ ಹೇಳುವುದು ಇಂಥದ್ದು” ಎಂದು ತಾನು ನಡುವೆ ಬರಲಿಲ್ಲ. ಹೋಗು, ನೀನೇ ಕೇಳು ಎಂದು ಕಳುಹಿಸಿದ. ಅನುಭವವುಳ್ಳ ಹಿರಿಯನೊಬ್ಬ ಮಾಡಬೇಕಾದ್ದು ಅಷ್ಟೇ ಎಂದು ನನಗೀಗ ಅನ್ನಿಸುತ್ತದೆ. ವೀಸಾ ಬಂದ ಹುಡುಗನ ವಿಷಯದಲ್ಲಿ ನಾನು ಏಲಿಯಾಗುವ ಬದಲು ಬೇತೇಲಿನ ಮುದುಕನಾದೆ.

ಹಾಗಾಗಿ ತಡಮಾಡಿದ್ದಕ್ಕೆ ಕ್ಷಮೆ ಇದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಮೂರು ತಿಂಗಳ ಗಡುವಿಗೆ ಇಷ್ಟು ಹೆದರಬೇಡಿ. ಖಂಡಿತ ಆಜ್ಞೆ ಸಿಕ್ಕಿ, ಬೇಕೆಂದೇ ಎದುರು ದಿಕ್ಕಿಗೆ ಹಡಗು ಹತ್ತಿದ ಯೋನನಿಗೂ ಯೆಹೋವನ ಮಾತು ಎರಡನೆಯ ಸಲ ಬಂತು. ಸುಧಾರಿತ ಸಭೆಗಳಲ್ಲಿ ಬಳಕೆಯಲ್ಲಿರುವ, ನಂಬಿಕೆಯನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ಹೈಡಲ್‌ಬರ್ಗ್ ಪ್ರಶ್ನೋತ್ತರವನ್ನು 1563ರಲ್ಲಿ ಬರೆದವರು ಹತ್ತು ಆಜ್ಞೆಗಳ ವಿವರಣೆಯನ್ನು ಇಟ್ಟದ್ದು ಕೊನೆಯ ಭಾಗದಲ್ಲಿ. ಮೊದಲು ಮನುಷ್ಯನ ದುರವಸ್ಥೆ, ಆಮೇಲೆ ಬಿಡುಗಡೆ, ಆಮೇಲೆ ಕೃತಜ್ಞತೆ. ಆಜ್ಞೆಗಳು ಬರುವುದು ಕೃತಜ್ಞತೆಯ ಕೆಳಗೆ. ಕಂತು ತಪ್ಪಿದರೆ ಜಪ್ತಿಗೆ ಬರುವ ಬ್ಯಾಂಕಿನ ಸಾಲದ ಹಾಗೆ ವಿಧೇಯತೆಯನ್ನು ನೋಡುವುದು ಆ ಕ್ರಮಕ್ಕೆ ಹೊಂದುವುದಿಲ್ಲ.

ಇನ್ನು ಏನು ಮಾಡಬಹುದು ಎಂಬ ವಿಷಯ.

ನಾಳೆಯೇ ರಾಜೀನಾಮೆ ಕೊಡಬಹುದು. ಹಾಗೆ ಕೊಟ್ಟು ಬೆಳಗಿದವರು ಇದ್ದಾರೆ, ಸುಳ್ಳಲ್ಲ. ಕೊಟ್ಟು ಎರಡು ವರ್ಷದಲ್ಲಿ ಕೈಚಾಚುವ ಸ್ಥಿತಿಗೆ ಬಂದು, ದೇವರನ್ನೂ ಸಭೆಯನ್ನೂ ಹೆಂಡತಿಯನ್ನೂ ದೂರುತ್ತಾ ಕುಳಿತವರನ್ನೂ ಕಂಡಿದ್ದೇನೆ. ಹಿಂದಿನ ಸರ್ವಿಸ್ ಏನಾಗುತ್ತದೆ ಎಂದು ಕಚೇರಿಯಲ್ಲಿ ಕೇಳಿ. ರಾಜೀನಾಮೆ ಎಂಬುದು ಬೇಕೆಂದಾಗ ಹಿಂದೆ ಪಡೆಯುವ ರಜೆ ಅರ್ಜಿಯಲ್ಲ. ಪ್ರವಾದನೆ ಹೇಳಿದವರು ಮುಂದಿನ ಊರಿಗೆ ಹೋಗಿಯಾಗಿದೆ, ಮನೆಸಾಲದ ಕಂತು ಕಟ್ಟಲು ಅವರು ಬರುವುದಿಲ್ಲ.

ಎಲ್ಲ ಬೂಟಾಟಿಕೆ ಎಂದು ಕೈತೊಳೆದುಕೊಳ್ಳಲೂಬಹುದು. ಅದರಲ್ಲೂ ಅಪಾಯವಿದೆ. ಪ್ರವಾದನೆಗಳನ್ನು ಹೀನೈಸಬೇಡಿರಿ, ಆದರೆ ಎಲ್ಲವನ್ನೂ ಪರಿಶೋಧಿಸಿರಿ ಎಂದು ಪೌಲ ಥೆಸಲೊನೀಕದವರಿಗೆ ಒಟ್ಟೊಟ್ಟಿಗೆ ಬರೆದ. ನಿಜವಾದ ಕರೆಯೊಂದು ಆ ಗದ್ದಲದೊಳಗೆ ಇದ್ದಿದ್ದರೆ, ಪ್ರಸಂಗಿಯ ಮೇಲಿನ ಸಿಟ್ಟಿಗೆ ಅದನ್ನೂ ಎಸೆದ ಹಾಗಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುತ್ತಿದ್ದದ್ದು ಹೀಗೆ. ಅಪ್ಪ ಕೋಲು ಬಿಟ್ಟು ನಡೆಯುವವರೆಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮನಸ್ಸು ಕದಡಿ ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡ ಎಂಬುದು ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ 16ನೆಯ ಶತಮಾನದ ಲೊಯೊಲದ ಇಗ್ನೇಷಿಯಸರ ಸೂತ್ರ. ನಮ್ಮ ಬೇಳದ ಕಡೆಯ ಕಥೋಲಿಕ ಬಂಧುಗಳಿಗೆ ಗೊತ್ತಿರುತ್ತದೆ. ಪ್ರೊಟೆಸ್ಟೆಂಟರು ಕದ್ದು ಬಳಸಿದರೂ ಅಡ್ಡಿಯಿಲ್ಲ. ಆಮೇಲೆ, ಕೆಲಸದಲ್ಲಿದ್ದುಕೊಂಡೇ ಒಂದು ವರ್ಷ ಸೇವೆಯ ರುಚಿ ನೋಡುತ್ತಿದ್ದೆ: ಭಾನುವಾರ ಶಾಲೆ, ಆಸ್ಪತ್ರೆ ಭೇಟಿ, ಸಭಾಪಾಲಕರಿಲ್ಲದ ಹಳ್ಳಿಯ ಆರಾಧನೆ. ಬೇಸರದ ಕೆಲಸವನ್ನೇ ಆರಿಸಿಕೊಳ್ಳಿ, ಮೈಕಿನದ್ದಲ್ಲ. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟ್, ಮನೆಯಲ್ಲೇ ಕುಳಿತು ಓದುವ ಕ್ರೈಸ್ತ ಅಧ್ಯಯನದ ಪರೀಕ್ಷೆಗಳನ್ನು ನಡೆಸುತ್ತದೆ. ಮುಂದೆ ಬಿ.ಡಿ. (ದೇವಶಾಸ್ತ್ರದ ಪದವಿ) ಓದುವ ಮನಸ್ಸಾದರೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಅಲ್ಲಿಗೆ ಹೋಗಿ ಒಬ್ಬ ಅಧ್ಯಾಪಕರನ್ನು ಕಂಡು ಮಾತಾಡಿ. ಡೇರೆ ಹೊಲಿದು ಹೊಟ್ಟೆ ಹೊರೆದುಕೊಂಡೇ ಪೌಲ ಕೊರಿಂಥದಲ್ಲಿ ಸಾರಿದ. ಸಂಬಳದ ಕೆಲಸ ಬಿಟ್ಟರೆ ಮಾತ್ರ ಸೇವೆ ಪೂರ್ಣ ಎಂಬ ಮಾತಿಗೆ ಅಪೊಸ್ತಲರಲ್ಲಿ ಆಧಾರವಿಲ್ಲ.

ಈ ದಾರಿಗೂ ಒಂದು ಅಪಾಯ ಅಂಟಿಕೊಂಡಿದೆ. ಪರಿಶೋಧಿಸುತ್ತಿದ್ದೇನೆ ಎನ್ನುತ್ತಾ ನಿವೃತ್ತಿಯವರೆಗೆ ತಳ್ಳಬಹುದು. ಆದ್ದರಿಂದ ಒಂದು ದಿನ ಗೊತ್ತುಮಾಡಿ, ಆ ಒಂದು ವರ್ಷ ಮುಗಿದ ಮೇಲಿನ ಈಸ್ಟರ್ ಎನ್ನಿ. ಅಂದು ನಿಮ್ಮನ್ನು ಬಲ್ಲ ಮೂವರನ್ನು ಕುಳ್ಳಿರಿಸಿ ಕೇಳಿ. ಆ ಮೂವರಲ್ಲಿ ಒಬ್ಬರು ನಿಮ್ಮ ಹೆಂಡತಿಯಾಗಿರಬೇಕು. ಅವರ ಒಪ್ಪಿಗೆಯಿಲ್ಲದ್ದನ್ನು ನಿಮ್ಮ ನಂಬಿಕೆಗೆ ಬಂದ ಪರೀಕ್ಷೆ ಎಂದು ಕೂಟದವರು ಹೇಳಿಯಾರು. ಸಂಸೋನನ ತಂದೆ ಮಾನೋಹನ ಮನೆಗೆ ದೂತ ಬಂದಾಗ ಮೊದಲು ಕಾಣಿಸಿಕೊಂಡದ್ದು ಹೆಂಡತಿಗೆ. ಗಂಡ ಇನ್ನೊಮ್ಮೆ ಬರಲೆಂದು ಬೇಡಿಕೊಂಡ. ದೂತ ಮತ್ತೆ ಬಂದ, ಆಗಲೂ ಹೊಲದಲ್ಲಿದ್ದ ಹೆಂಡತಿಯ ಬಳಿಗೇ.

ಕೊನೆಗೆ ನಿಮ್ಮ ಪತ್ರದ ಆ ಒಂದು ಶಬ್ದ. ‘ಶುಶ್ರೂಷ’ ಎರಡು ಸಲ ಕೇಳಿಸಿತು ಎಂದಿರಿ. ಮಲಯಾಳದ ಕ್ರೈಸ್ತರು ಸಭಾಸೇವೆಗೆ ಹಾಗೆನ್ನುತ್ತಾರೆ, ತರ್ಜುಮೆಯವರು ತಪ್ಪು ಮಾಡಿಲ್ಲ. ಕನ್ನಡದಲ್ಲಿ ಶುಶ್ರೂಷೆ ಎಂದರೆ ರೋಗಿಯ ಆರೈಕೆ. ಸಂಸ್ಕೃತದ ಮೂಲಕ್ಕೆ ಹೋದರೆ ಅದರ ಅರ್ಥ, ಕೇಳಬೇಕೆಂಬ ಆಸೆ. ದೇವರು ಮೂರು ಭಾಷೆಯಲ್ಲಿ ಶ್ಲೇಷೆ ಮಾಡಿದನೆಂದು ನಾನು ವಾದಿಸುವುದಿಲ್ಲ, ಹಾಗೆ ವಾದಿಸಿದರೆ ನಾನೂ ಬೆರಳು ಮಾಡಿದ ಹಾಗಾಗುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಅಪ್ಪನನ್ನು ಹಿಡಿದು ಬಚ್ಚಲಿಗೆ ನಡೆಸುವವನು ತಾನು ಅವಿಧೇಯನೆಂದು ಕೊರಗುತ್ತಿರುವುದು ನನಗೆ ವಿಚಿತ್ರವಾಗಿ ಕಂಡಿತು. ಹೆತ್ತವರಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್, ಇದು ದೇವರಿಗೆ ಮೀಸಲು’ ಎಂದು ಹೇಳಿ ತಪ್ಪಿಸಿಕೊಳ್ಳುವವರ ಮೇಲೆ ಯೇಸು ಸಿಡಿದದ್ದು ಮಾರ್ಕ 7ರಲ್ಲಿದೆ. ಪತ್ರ ಕೊಡುವ ಮೊದಲು ಅದನ್ನೂ ಓದಿ.

ಬೀಳುವುದರ ವಿಷಯದಲ್ಲಿ ದೇವರ ನಿರ್ದಿಷ್ಟ ಆಜ್ಞೆ ಬೇಕೆಂದರೆ ಅದೂ ಇದೆ. ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಿಸು, ಯಾರಾದರೂ ಬಿದ್ದು ಆ ರಕ್ತದ ಹೊಣೆ ನಿನ್ನ ಮನೆಗೆ ಬಾರದಿರಲಿ. ನಮ್ಮವು ಹಂಚಿನ ಮನೆಗಳು, ಮಾಳಿಗೆಯ ಮೇಲೆ ಯಾರೂ ಮಲಗುವುದಿಲ್ಲ. ನಾವು ಬೀಳುವುದು ಅಂಗಳದಲ್ಲಿ, ಬಚ್ಚಲಲ್ಲಿ. ಈ ಶನಿವಾರ ಮಳೆ ಬಿಟ್ಟ ಹೊತ್ತು ನೋಡಿ ಬ್ಲೀಚಿಂಗ್ ಪುಡಿ ಹಾಕಿ ಅಂಗಳ ಉಜ್ಜಿ. ಮೆಟ್ಟಿಲಿನ ಪಕ್ಕಕ್ಕೆ, ಬಚ್ಚಲ ಬಾಗಿಲಿಗೆ, ಕಕ್ಕಸಿನ ಬದಿಗೆ ಒಂದೊಂದು ಕಬ್ಬಿಣದ ಹಿಡಿಕೆ ಹಾಕಿಸಿ. ಎತ್ತರ ಅಪ್ಪನ ಮೊಣಕೈ ಮಟ್ಟಕ್ಕಿರಲಿ. ವೆಲ್ಡಿಂಗಿನವರು ಅಂದಾಜಿನಲ್ಲಿ ಮಾಡುತ್ತಾರೆ, ನೀವೇ ನಿಂತು ಅಳತೆ ಕೊಡಿ.